ತಲೆಮಾರಿನ ಮೊದಲ ವಕೀಲೆ: ಬೆಂಗಳೂರಿನಲ್ಲೇ ಉಳಿಯಲೇ, ಊರಿನ ಕೋರ್ಟಿಗೆ ಮರಳಲೇ?

ಪ್ರಶ್ನೆ: ಭೀಮಾತೀರದವಳು

ಎಲ್ಲ ವಕೀಲ ಮಿತ್ರರಿಗೆ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವಳು. ಅಪ್ಪ ಮೂರು ಎಕರೆ ಮಳೆಯಾಶ್ರಿತ ಹೊಲದಲ್ಲಿ ತೊಗರಿ ಬೆಳೆಯುತ್ತಾರೆ, ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಹಿಂದೆಯೂ ಇದ್ದರು, ಆದರೆ ಅವರೆಲ್ಲ ಕಕ್ಷಿದಾರರು. ಕರಿಕೋಟು ತೊಟ್ಟು ಹತ್ತಿದವಳು ನಾನೇ ಮೊದಲು. ಕಲಬುರಗಿಯಲ್ಲಿ ಕಾನೂನು ಪದವಿ ಮುಗಿಸಿ ಸನ್ನದು (ವಕೀಲಿ ಮಾಡುವ ಪರವಾನಗಿ) ಪಡೆದ ಮೇಲೆ, ದೊಡ್ಡ ಊರಿನಲ್ಲಿ ಹೆಚ್ಚು ಕಲಿಯಬಹುದೆಂಬ ಆಸೆಯಿಂದ ಬೆಂಗಳೂರಿಗೆ ಬಂದು, ಒಂದು ವರ್ಷ ಎಂಟು ತಿಂಗಳಿಂದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿದ್ದೇನೆ.

ಬೆಳಿಗ್ಗೆ 9ಕ್ಕೆ ಕಚೇರಿಗೆ ಹೋಗಿ ಆ ದಿನ ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿಯಾದ ಕಾಸ್ ಲಿಸ್ಟ್ ನೋಡಿ ಫೈಲುಗಳನ್ನು ಜೋಡಿಸುತ್ತೇನೆ. ಆಮೇಲೆ ಸಿಟಿ ಸಿವಿಲ್ ಕೋರ್ಟಿನ ಒಂದು ಮಹಡಿಯಿಂದ ಇನ್ನೊಂದಕ್ಕೆ ಓಡಾಡುತ್ತ, ‘ಸೀನಿಯರ್ ಹೈಕೋರ್ಟಿನಲ್ಲಿದ್ದಾರೆ, ದಯವಿಟ್ಟು ಸಮಯ ಕೊಡಬೇಕು’ ಎಂದು ಕೇಳುತ್ತೇನೆ. ಸಂಜೆ ಕೊನೆಯ ಕಕ್ಷಿದಾರರು ಎದ್ದು ಹೋಗುವ ಹೊತ್ತಿಗೆ ಒಂಬತ್ತೂವರೆಯಾಗಿರುತ್ತದೆ. ತಿಂಗಳಿಗೆ 5,000 ರೂಪಾಯಿ ಕೊಡುತ್ತಾರೆ. ಕೆಲವು ತಿಂಗಳು ಅದೂ ಇರುವುದಿಲ್ಲ. ನನ್ನ ಪಿ.ಜಿ. ಬಾಡಿಗೆಯೇ 7,500 ರೂಪಾಯಿ. ಉಳಿದದ್ದನ್ನು ಅಪ್ಪ ಕಳುಹಿಸುತ್ತಾರೆ. ಈ ವರ್ಷ ತೊಗರಿಗೆ ನೆಟೆರೋಗ ಬಂದ ಮೇಲೂ ಕಳುಹಿಸಿದರು. ಎಲ್ಲಿಂದ ತಂದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಣದ ಕಷ್ಟವೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಚೇರಿಯ ಉಳಿದ ಮೂವರು ಜೂನಿಯರುಗಳೂ ಚಿಕ್ಕಂದಿನಿಂದ ಇಂಗ್ಲಿಷಿನಲ್ಲಿ ಓದಿದವರು. ಒಮ್ಮೆ ಹೈಕೋರ್ಟಿನಲ್ಲಿ ಮಧ್ಯಂತರ ಅರ್ಜಿಯೊಂದರ ಮೇಲೆ ನಾಲ್ಕು ಮಾತು ಹೇಳುವ ಅವಕಾಶ ಸಿಕ್ಕಾಗ ನಡುವೆ ತಡವರಿಸಿದೆ. ನ್ಯಾಯಮೂರ್ತಿಗಳು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆದರೆ ಕಚೇರಿಗೆ ಮರಳಿದ ಮೇಲೆ ಜೊತೆಯ ಜೂನಿಯರುಗಳು ನನ್ನ ಉಚ್ಚಾರಣೆಯನ್ನು ಅಣಕಿಸಿ ನಕ್ಕರು, ಮತ್ತು ಅಂದಿನಿಂದ ದಿನಾಂಕ ಕೇಳುವ ಕೆಲಸವನ್ನು ಬಿಟ್ಟರೆ ಬೇರೇನೂ ನನ್ನ ಪಾಲಿಗೆ ಬಂದಿಲ್ಲ. ಇನ್ನೊಮ್ಮೆ ಒಬ್ಬ ಕಕ್ಷಿದಾರರು ‘ನೀವು ಯಾವ ಪೈಕಿ?’ ಎಂದು ಕೇಳಿದಾಗ ನಾನು ಮುಚ್ಚಿಡದೆ ಹೇಳಿದೆ. ತಮ್ಮ ಫೈಲನ್ನು ಬೇರೆಯವರು ನೋಡಿಕೊಳ್ಳಲಿ ಎಂದು ಅವರು ಆಮೇಲೆ ಸೀನಿಯರಿಗೆ ಹೇಳಿದರು. ಸೀನಿಯರ್ ಒಂದು ಮಾತೂ ಆಡದೆ ಒಪ್ಪಿಕೊಂಡರು.

ನಾಲ್ಕು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ. ಕಳೆದ ವಾರ ಕೋರ್ಟಿನ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಯಾಕೆಂದು ಈಗಲೂ ಹೇಳಲಾರೆ.

ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬೇಕೆಂಬುದು ನನ್ನ ಗುರಿ, ಅದಕ್ಕೆ ಮೂರು ವರ್ಷದ ವಕೀಲಿ ಬೇಕು. ಊರಿನ ಕಡೆಯ ಕೋರ್ಟಿಗೆ ಹೋದರೆ ಆ ಲೆಕ್ಕ ಕೆಡುತ್ತದೆಯೇ? ಸೀನಿಯರ್ ಬಳಿ ಹೆಚ್ಚಿನ ಹಣ ಕೇಳುವುದು ತಪ್ಪೇ? ನನಗಾಗುತ್ತಿರುವುದು ಈ ವೃತ್ತಿಗೆ ತಕ್ಕ ಗಟ್ಟಿತನ ಇಲ್ಲದ್ದರಿಂದಲೇ? ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.


ಉತ್ತರ: ಮಲಪ್ರಭೆ

ತಂಗಿ, ನಾನು 22 ವರ್ಷಗಳಿಂದ ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದೇನೆ. ಮೊದಲು ಕಾನೂನಿನ ಪ್ರಶ್ನೆಯನ್ನು ಬಗೆಹರಿಸೋಣ, ಅದು ಸುಲಭ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ಷರತ್ತನ್ನು ಮತ್ತೆ ಜಾರಿಗೆ ತಂದಾಗ, ಆ ಮೂರು ವರ್ಷ ದೊಡ್ಡ ಊರಿನಲ್ಲೇ ಕಳೆಯಬೇಕೆಂದು ಹೇಳಿಲ್ಲ. ತಾತ್ಕಾಲಿಕ ಸನ್ನದು ಪಡೆದ ದಿನದಿಂದಲೇ ಲೆಕ್ಕ ಶುರುವಾಗುತ್ತದೆ. ನೀವು ವಕೀಲಿ ಮಾಡುವ ನ್ಯಾಯಾಲಯದ ಪ್ರಧಾನ ನ್ಯಾಯಾಧಿಕಾರಿ ಕೊಡುವ ಪ್ರಮಾಣಪತ್ರ ಸಾಕು, ಅಥವಾ 10 ವರ್ಷ ಅನುಭವವಿರುವ ವಕೀಲರು ಕೊಟ್ಟ ಪ್ರಮಾಣಪತ್ರಕ್ಕೆ ನ್ಯಾಯಾಧಿಕಾರಿಯ ದೃಢೀಕರಣ ಇರಬೇಕು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಇದಕ್ಕೆ ಸೇರುತ್ತದೆ. ನಮ್ಮ ಹೈಕೋರ್ಟ್ ಅಂಥ ಹುದ್ದೆಗಳಿಗೆ ಅರ್ಜಿ ಕರೆಯುತ್ತಿರುತ್ತದೆ, ಮತ್ತು ಅದಕ್ಕೆ ತಿಂಗಳ ಗೌರವಧನ ಇರುತ್ತದೆ. ಆದ್ದರಿಂದ ನಿಮ್ಮ ಜಿಲ್ಲೆಯ ಶಹಾಪುರದ ಕೋರ್ಟಿನಲ್ಲಿ ಕಳೆದ ಒಂದು ವರ್ಷವೂ ಬೆಂಗಳೂರಿನ ಒಂದು ವರ್ಷವೂ ಪರೀಕ್ಷೆಯ ಮಟ್ಟಿಗೆ ಒಂದೇ ತೂಕದವು.

ಈಗ ಊರಿನ ಮಾತು. 2008ರ ಜುಲೈವರೆಗೆ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರಲಿಲ್ಲ. ಒಂದು ರಿಟ್ ಅರ್ಜಿ ಪಟ್ಟಿಗೆ ಬಂದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಬೆಳಿಗ್ಗೆ ಯಾರದೋ ಮನೆಯಲ್ಲಿ ಸೀರೆ ಬದಲಿಸಿ, ಅಂದು ವಿಚಾರಣೆಗೆ ಬರದಿದ್ದರೆ ಮತ್ತೆ ರಾತ್ರಿ ರೈಲಿಗೆ ಮರಳಬೇಕಿತ್ತು. ನನ್ನ ಅತ್ತೆ ಮನೆಯವರು ಒಳ್ಳೆಯವರೇ, ಆದರೂ ತಿಂಗಳಿಗೆ ನಾಲ್ಕು ರಾತ್ರಿ ಸೊಸೆ ಹೊರಗಿರುವುದನ್ನು ಅವರಿಂದ ಒಪ್ಪಿಕೊಳ್ಳಲಾಗಲಿಲ್ಲ. ಹಾಗಾಗಿ ಹೈಕೋರ್ಟಿನ ಫೈಲು ಬಂದರೆ ನಾನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದೆ. ಆ ವರ್ಷ ಧಾರವಾಡದಲ್ಲೂ ಕಲಬುರಗಿಯಲ್ಲೂ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಕಾಯಂ ಆದವು. ಈ ಪೀಠಗಳಿಗಾಗಿ ವರ್ಷಗಟ್ಟಲೆ ನಡೆದ ಹೋರಾಟದಲ್ಲಿ ಕಕ್ಷಿದಾರರ ಖರ್ಚು, ದೂರ, ಪ್ರದೇಶದ ಹಕ್ಕು ಎಲ್ಲವೂ ಚರ್ಚೆಗೆ ಬಂದವು. ಹೆಣ್ಣುಮಕ್ಕಳು ಹೈಕೋರ್ಟಿನಲ್ಲಿ ವಾದ ಮಾಡಿ ಸಂಜೆ ಮನೆಗೆ ಮರಳಬಹುದೆಂಬುದನ್ನು ಹೇಳಿದವರನ್ನು ನಾನು ಕಾಣಲಿಲ್ಲ. ನನ್ನ ವೃತ್ತಿಜೀವನವನ್ನು ಬದಲಿಸಿದ್ದು ಮಾತ್ರ ಅದೇ. ಕಲಬುರಗಿ ಪೀಠ ಇರುವಾಗ, ನಿಮ್ಮ ಭಾಗಕ್ಕೆ ಮರಳಿದರೆ ಹೈಕೋರ್ಟನ್ನು ಬಿಟ್ಟ ಹಾಗೆ ಎಂದು ದಯವಿಟ್ಟು ಎಣಿಸಬೇಡಿ.

ಊರಿಗೆ ಮರಳಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಹೇಳಲಾರೆ. ‘ಯಾವ ಪೈಕಿ’ ಎಂಬ ಪ್ರಶ್ನೆಯನ್ನು ತಾಲ್ಲೂಕಿನಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಹೆಣ್ಣುಮಗಳೆಂದರೆ ಜೀವನಾಂಶದ ಅರ್ಜಿಗಳಷ್ಟೇ ಬರುತ್ತವೆ, ಜಮೀನಿನ ದಾವೆಗಳು ಗಂಡಸರ ಮೇಜಿಗೆ ಹೋಗುತ್ತವೆ. ನಾನು 2010ರಲ್ಲಿ ಬಸುರಿಯಾದಾಗ ಫೈಲುಗಳನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ 14 ತಿಂಗಳ ಬಳಿಕ ಮರಳಿದೆ. ಅಷ್ಟರಲ್ಲಿ ಕಕ್ಷಿದಾರರು ಅವರಿಗೇ ಒಗ್ಗಿಕೊಂಡಿದ್ದರು. 26 ವಾರಗಳ ಹೆರಿಗೆ ರಜೆ ಇಂದು ಕಾನೂನಿನಲ್ಲಿ ಇದೆ, ಆದರೆ ಅದು ಸಂಬಳದ ಮೇಲೆ ದುಡಿಯುವವರಿಗೆ. ಸ್ವತಂತ್ರವಾಗಿ ವಕೀಲಿ ಮಾಡುವವಳಿಗೆ ರಜೆ ಕೊಡುವವರು ಯಾರೂ ಇಲ್ಲ. ನಾನು ಎರಡನೆಯ ಸಲ ಮೊದಲಿನಿಂದ ಶುರುಮಾಡಿದೆ, ಮೂರು ವರ್ಷ ಬೇಕಾಯಿತು. ನನ್ನ ಜೊತೆ ಸನ್ನದು ಪಡೆದ ಐವರು ಗೆಳತಿಯರಲ್ಲಿ ಇಬ್ಬರು ಹಾಗೆ ಮರಳಲೇ ಇಲ್ಲ, ಅವರಲ್ಲಿ ಒಬ್ಬಳು ನನಗಿಂತ ಚೆನ್ನಾಗಿ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಮಾಡುತ್ತಿದ್ದಳು.

ಶೌಚಾಲಯದ ಮಾತನ್ನೂ ಹೇಳಿಬಿಡುತ್ತೇನೆ, ಇದನ್ನು ಬರೆಯಲು ನಾಚಿಕೆ ಬೇಡ. ನಾನು ಹೋಗುತ್ತಿದ್ದ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಮಹಿಳೆಯರಿಗೆ ಬಳಸಬಹುದಾದ ಶೌಚಾಲಯ ಇರಲಿಲ್ಲವಾಗಿ ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತಿದ್ದೆವು. ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಮಹಿಳೆಯರು, ಪುರುಷರು, ಅಂಗವಿಕಲರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿ 15ರಂದು ಆದೇಶಿಸಿದೆ. ನೀವು ಹೋಗುವ ಕೋರ್ಟಿನಲ್ಲಿ ಇಲ್ಲದಿದ್ದರೆ ಆ ಆದೇಶದ ಪ್ರತಿ ಲಗತ್ತಿಸಿ ಜಿಲ್ಲಾ ನ್ಯಾಯಾಧೀಶರಿಗೆ ಬರೆಯಿರಿ.


ಉತ್ತರ: ಸಿವಿಲ್ ಕಡತ

ನಾನು ಮೈಸೂರಿನಲ್ಲಿ 34 ವರ್ಷಗಳಿಂದ ಸಿವಿಲ್ ವಕೀಲಿ ಮಾಡುತ್ತಿರುವವನು. ಸೀನಿಯರುಗಳ ಕಡೆಯ ಮಾತನ್ನೂ ಇಲ್ಲಿ ಯಾರಾದರೂ ಹೇಳಬೇಕು.

ನಾನು ಜೂನಿಯರ್ ಆಗಿದ್ದಾಗ ಎರಡು ವರ್ಷ ಒಂದು ರೂಪಾಯಿಯೂ ಪಡೆಯಲಿಲ್ಲ, ಪಡೆಯಬೇಕೆಂದೂ ಅನಿಸಲಿಲ್ಲ. ಕಲಿಸುವ ಗುರುವಿನ ಬಳಿ ದುಡ್ಡು ಕೇಳುವುದು ಸರಿಯಲ್ಲ ಎಂದು ಬಹಳ ಕಾಲ ನಂಬಿದ್ದೆ, ನನ್ನ ಜೂನಿಯರುಗಳಿಗೂ ಅದನ್ನೇ ಹೇಳಿದೆ. ಆ ನಂಬಿಕೆ ಸಡಿಲವಾದದ್ದು ಒಂದು ದಿನ ಹಳೆಯ ಜೂನಿಯರುಗಳನ್ನು ಲೆಕ್ಕ ಹಾಕುತ್ತ ಕುಳಿತಾಗ. ನನ್ನ ಕಚೇರಿಗೆ ಇದುವರೆಗೆ 11 ಜನ ಬಂದರು, ನಾಲ್ವರು ಇಂದಿಗೂ ವಕೀಲರಾಗಿದ್ದಾರೆ. ಆ ನಾಲ್ವರಲ್ಲಿ ಇಬ್ಬರ ತಂದೆ ವಕೀಲರು, ಒಬ್ಬನ ಮನೆಗೆ ಅಂಗಡಿ ಮಳಿಗೆಗಳ ಬಾಡಿಗೆ ಬರುತ್ತದೆ, ಇನ್ನೊಬ್ಬನ ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಬಿಟ್ಟು ಹೋದ ಏಳು ಜನರಲ್ಲಿ ಅವರಿಗಿಂತ ಬುದ್ಧಿವಂತರಿದ್ದರು, ಕಷ್ಟಪಡುವವರಿದ್ದರು. ನನಗೂ ಆ ಎರಡು ವರ್ಷ ಊಟ ಹಾಕಿದ್ದು ನನ್ನ ಅಣ್ಣನ ಬ್ಯಾಂಕ್ ಸಂಬಳ. ಅದನ್ನು ನಾನು ತಪಸ್ಸು ಎಂದು ಕರೆದುಕೊಂಡಿದ್ದೆ. ಯಾರು ವಕೀಲರಾಗಿ ಉಳಿಯಬೇಕು ಎಂಬುದನ್ನು ನಾನು ಆರಿಸುತ್ತಿದ್ದೇನೆಂದು ತಿಳಿದಿದ್ದೆ. ಆರಿಸುತ್ತಿದ್ದದ್ದು ಅವರ ಮನೆಯ ವರಮಾನ.

ಈ ಕಾರಣಕ್ಕೇ 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪು ನನಗೆ ಬಹಳ ಮುಖ್ಯವೆನಿಸುತ್ತದೆ. 1961ರ ವಕೀಲರ ಕಾಯ್ದೆ ಹೇಳುವ ಸನ್ನದು ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ರಾಜ್ಯಗಳ ವಕೀಲರ ಪರಿಷತ್ತುಗಳು ನಾನಾ ಹೆಸರಿನಲ್ಲಿ ಸಾವಿರಾರು ರೂಪಾಯಿ ಹೆಚ್ಚಿಗೆ ವಸೂಲಿ ಮಾಡುತ್ತಿದ್ದವು. ಅದು ಕಾಯ್ದೆಗೂ ಸಮಾನತೆಗೂ ವಿರುದ್ಧ, ಬಡವರನ್ನು ಮತ್ತು ಹಿಂದುಳಿದವರನ್ನು ವೃತ್ತಿಯಿಂದ ಹೊರಗಿಡುತ್ತದೆ ಎಂದು ನ್ಯಾಯಾಲಯ ಹೇಳಿತು. ಬಾಗಿಲ ಬಳಿಯ ಸುಂಕ ಹಾಗೆ ಇಳಿಯಿತು. ಒಳಗೆ ಬಂದ ಮೇಲಿನ ಮೂರು ವರ್ಷದ ಊಟ ಮತ್ತು ಬಾಡಿಗೆಯ ಪ್ರಶ್ನೆ ಹಾಗೆಯೇ ಉಳಿದಿದೆ. ನ್ಯಾಯಾಧೀಶರ ಪರೀಕ್ಷೆಗೂ ಅದೇ ಮೂರು ವರ್ಷ ಕಡ್ಡಾಯವಾದ ಮೇಲೆ, ಈ ಪ್ರಶ್ನೆ ವಕೀಲರದ್ದಷ್ಟೇ ಅಲ್ಲ, ಮುಂದೆ ನ್ಯಾಯಪೀಠದಲ್ಲಿ ಕೂರುವವರು ಯಾವ ಮನೆಗಳಿಂದ ಬರುತ್ತಾರೆ ಎಂಬುದೂ ಆಗಿದೆ.

ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ನಾನು ಇಂದು 12,000 ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಕೊಡಲು ಆಗುತ್ತಿಲ್ಲ. ಜಿಲ್ಲಾ ಮಟ್ಟದ ಅನೇಕ ವಕೀಲರಿಗೆ ತಮ್ಮ ಕಚೇರಿ ಬಾಡಿಗೆ ಕಟ್ಟುವುದೇ ಕಷ್ಟವಿದೆ, ಅವರೆಲ್ಲರನ್ನೂ ಕಲ್ಲುಹೃದಯದವರೆಂದು ತಿಳಿಯಬೇಡಿ. ಆದರೆ ಹೈಕೋರ್ಟಿನಲ್ಲಿ ನಾಲ್ಕು ಜೂನಿಯರುಗಳನ್ನಿಟ್ಟುಕೊಂಡು ನಡೆಯುವ ಕಚೇರಿ 5,000 ಕೊಡುವುದಕ್ಕೆ ಬಡತನ ಕಾರಣವಲ್ಲ. ಕೇಳಿ, ತಾಯಿ. ಸುತ್ತೋಲೆಯನ್ನು ಉಲ್ಲೇಖಿಸಿಯೇ ಕೇಳಿ. ತಪ್ಪೇನಿಲ್ಲ.


ಉತ್ತರ: ದನಿಯಲ್ಲಿ ಓದುವವನು

ನನಗೆ ದೃಷ್ಟಿ ತೀರಾ ಕಡಿಮೆ, ಕಂಪ್ಯೂಟರ್ ಓದಿ ಹೇಳುವುದನ್ನು ಕೇಳಿಕೊಂಡು ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಭೀಮಾತೀರದವರ ಅನುಭವ ಬೇರೆ, ನನ್ನದು ಬೇರೆ, ಆದರೂ ಒಂದು ಮಾತು ಸೇರಿಸಬೇಕೆನಿಸಿತು. ಎದುರು ಪಕ್ಷದವರು ದಾಖಲೆಗಳ ಫೋಟೊ ತೆಗೆದು ಪಿಡಿಎಫ್ ಮಾಡಿ ಸಲ್ಲಿಸಿದರೆ ನನ್ನ ಯಂತ್ರ ಅದನ್ನು ಓದಲಾರದು; ನನ್ನ ತಮ್ಮ ರಾತ್ರಿ ಕುಳಿತು ಓದಿ ಹೇಳುತ್ತಾನೆ. ಅವನಿಗೂ ಯಾರೂ ಸಂಬಳ ಕೊಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಶ್ರವಣದೋಷವಿರುವ ಬೆಂಗಳೂರಿನ ವಕೀಲೆ ಸಾರಾ ಸನ್ನಿಯವರು ನಮ್ಮ ಹೈಕೋರ್ಟಿನಲ್ಲಿ ಸಂಜ್ಞಾ ಭಾಷೆಯ ಅನುವಾದಕರ ನೆರವಿನಿಂದ ವಾದ ಮಂಡಿಸಿದರು. 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ದೃಷ್ಟಿದೋಷದ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದಿತು. ಆ ತೀರ್ಪನ್ನು ನಾನು ಎರಡು ಸಲ ಕೇಳಿಸಿಕೊಂಡೆ. ಅನುವಾದಕರು, ಓದಬಲ್ಲ ಕಡತ, ಇಳಿಜಾರು ದಾರಿ ಇವೆಲ್ಲ ಪ್ರತಿ ತಾಲ್ಲೂಕಿಗೆ ಬರುವವರೆಗೂ ನಾವು ಕೇಳುತ್ತಲೇ ಇರಬೇಕು.

ಉಚ್ಚಾರಣೆಯನ್ನು ಅಣಕಿಸಿದವರ ಮಾತಿಗೆ ಬೆಲೆ ಕೊಡಬೇಡಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೇ ಕನ್ನಡದಲ್ಲಿ ತೀರ್ಪು ನೀಡಿದೆ. ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷಿ ಮಾತನಾಡುವುದು ಕನ್ನಡದಲ್ಲಿ, ಅದರಲ್ಲೂ ನಿಮ್ಮ ಭಾಗದ ಕನ್ನಡದಲ್ಲಿ. ಅವನ ಬಾಯಿಂದ ಸತ್ಯ ಹೊರಡಿಸುವ ಪಾಟೀಸವಾಲನ್ನು ನೀವು ಅವರೆಲ್ಲರಿಗಿಂತ ಚೆನ್ನಾಗಿ ಮಾಡಬಲ್ಲಿರಿ.


ಉತ್ತರ: ಬಿಟ್ಟು ಬಂದವನು

ಮೂರನೆಯ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಮೇಡಂ, ನಿಮ್ಮಲ್ಲಿ ಗಟ್ಟಿತನದ ಕೊರತೆ ಇಲ್ಲ. ನಾಲ್ಕು ತಿಂಗಳಿಂದ ನಿದ್ದೆ ಕೆಟ್ಟಿರುವುದು, ಕಾರಣ ತಿಳಿಯದ ಅಳು, ಭಾನುವಾರದ ಸಂಕಟ, ಇವುಗಳನ್ನು ವೈದ್ಯರಿಗೆ ಹೇಳಬೇಕು.

ನಾನು ಬೆಂಗಳೂರಿನಲ್ಲಿ ಐದು ವರ್ಷ ವಕೀಲಿ ಮಾಡಿದೆ. ಒಂದು ದಿನ ಮೇಲ್ಮನವಿ ಸಲ್ಲಿಸುವ ಕಾಲಮಿತಿಯನ್ನು ತಪ್ಪಿಸಿದೆ. ವಿಳಂಬ ಮನ್ನಾ ಅರ್ಜಿ ಹಾಕಿ ಸರಿಪಡಿಸಬಹುದಾದ ತಪ್ಪು ಅದು, ಸರಿಪಡಿಸಿದೆವು ಕೂಡ. ಆದರೆ ಅಂದಿನಿಂದ ಪ್ರತಿ ಫೈಲಿನಲ್ಲೂ ದಿನಾಂಕ ತಪ್ಪಿದೆಯೆಂಬ ಭಯ ಹಿಡಿಯಿತು. ರಾತ್ರಿ ಎದ್ದು ಕಚೇರಿಗೆ ಹೋಗಿ ಕಡತ ತೆರೆದು ನೋಡುತ್ತಿದ್ದೆ. ಸ್ನೇಹಿತರು ಸಂಜೆ ಕುಡಿಯಲು ಕರೆದುಕೊಂಡು ಹೋಗುತ್ತಿದ್ದರು, ಅವರಿಗೆ ಗೊತ್ತಿದ್ದ ಮದ್ದು ಅದೊಂದೇ. ವಕೀಲನಿಗೆ ಮನಸ್ಸಿನ ಕಾಯಿಲೆ ಎಂದು ಗೊತ್ತಾದರೆ ಕಕ್ಷಿದಾರರು ಹೋಗುತ್ತಾರೆಂದು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ನನ್ನ ಅಕ್ಕ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ಚಿಕಿತ್ಸೆಯಿಂದ ಎಂಟು ತಿಂಗಳಲ್ಲಿ ನನಗೆ ನಿದ್ದೆ ಮರಳಿತು. ಆಮೇಲೆ ಒಂದು ಕಂಪನಿಯ ಕಾನೂನು ವಿಭಾಗಕ್ಕೆ ಸೇರಿದೆ. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲವಾದ್ದರಿಂದ ಸನ್ನದನ್ನು ಅಮಾನತಿನಲ್ಲಿಡಲು ಪರಿಷತ್ತಿಗೆ ಬರೆದುಕೊಟ್ಟೆ. ಆ ಪತ್ರಕ್ಕೆ ಸಹಿ ಹಾಕಿದ ದಿನ ದುಃಖವಾಯಿತು, ಈಗಲೂ ಆಗುತ್ತದೆ. ಎರಡು ವರ್ಷ ಮೊದಲೇ ವೈದ್ಯರ ಬಳಿ ಹೋಗಿದ್ದರೆ ಆ ಸಹಿ ಬೇಕಾಗುತ್ತಿರಲಿಲ್ಲವೇನೋ.

ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ಅಲ್ಲಿಗೆ ಕರೆ ಮಾಡಿ. ಬದುಕುವುದೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಇಂದೇ ಮಾಡಿ, ಮನೆಯವರಲ್ಲಿ ಒಬ್ಬರಿಗಾದರೂ ತಿಳಿಸಿ.


ಉತ್ತರ: ಹೊಸ ಸನ್ನದು

ಇದೇ ಚರ್ಚೆಯಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು. ಸೀನಿಯರ್ ಕಚೇರಿಯಲ್ಲಿ ಅಸಭ್ಯ ವರ್ತನೆಯಾದರೆ ಜೂನಿಯರ್ ಎಲ್ಲಿಗೆ ಹೋಗಬೇಕು? ನಮ್ಮ ಕಚೇರಿಯಲ್ಲಿ ಇರುವುದೇ ನಾಲ್ಕು ಜನ.


ಉತ್ತರ: ಮಲಪ್ರಭೆ

ಖಂಡಿತ ಕೇಳಬಹುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಆಂತರಿಕ ಸಮಿತಿ ಇರುವುದಿಲ್ಲ, ಅಂಥ ದೂರುಗಳನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳಬೇಕು. ಸಂಬಳ ಇರಲಿ, ಇಲ್ಲದಿರಲಿ, ತರಬೇತಿಗೆ ಬಂದವರನ್ನೂ ಆ ಕಾಯ್ದೆ ಉದ್ಯೋಗಿ ಎಂದೇ ಪರಿಗಣಿಸುತ್ತದೆ, ಆದ್ದರಿಂದ ಜೂನಿಯರ್ ಅದರೊಳಗೆ ಬರುತ್ತಾಳೆ ಎಂಬುದು ನನ್ನ ಅಭಿಪ್ರಾಯ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಕಚೇರಿಯ ಹೊರಗೆ, ಬೇರೊಬ್ಬ ವಕೀಲನಿಂದಾದರೆ ದಾರಿ ಕಿರಿದಾಗುತ್ತದೆ. ವಕೀಲರಿಗೆ ಪರಿಷತ್ತು ಉದ್ಯೋಗದಾತನಲ್ಲವಾದ್ದರಿಂದ ಅಂಥ ದೂರುಗಳಿಗೆ ಪರಿಷತ್ತು ಈ ಕಾಯ್ದೆಯಡಿ ಸಮಿತಿ ರಚಿಸಬೇಕಿಲ್ಲ ಎಂದು ಬಾಂಬೆ ಹೈಕೋರ್ಟ್ 2025ರಲ್ಲಿ ಹೇಳಿದೆ. ಆಗ ವಕೀಲರ ಕಾಯ್ದೆಯ 35ನೆಯ ಕಲಮಿನಡಿ ದುರ್ನಡತೆಯ ದೂರು ಮತ್ತು ಪೊಲೀಸ್ ದೂರು ಉಳಿಯುತ್ತವೆ. ನನಗೆ ಖಾಸಗಿಯಾಗಿ ಬರೆಯಿರಿ, ದೂರಿನ ಕರಡನ್ನು ಕೂಡಿ ಮಾಡೋಣ. ಒಬ್ಬರೇ ಇರಬೇಡಿ.

ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಡಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತಲ್ಲ, ಆಗ ಕೆಲವರು ಅದೊಂದು ಹುದ್ದೆಯಿಂದ ಏನಾದೀತು ಎಂದರು. ಸಂಘದ ಹಣ ಎಲ್ಲಿಗೆ ಹೋಗಬೇಕೆಂಬ ಚರ್ಚೆಯಲ್ಲಿ ಮಹಿಳೆಯೊಬ್ಬರು ಕೂರುವುದು ಸಣ್ಣ ಮಾತಲ್ಲ. ದೂರು ಕೊಟ್ಟ ಜೂನಿಯರಿಗೆ ಆರು ತಿಂಗಳ ಭತ್ಯೆ ಸಂಘದಿಂದ ಸಿಗುವಂತಾದರೆ ಎಷ್ಟೋ ಜನ ಬಾಯಿ ತೆರೆದಾರು. ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನು ಇದನ್ನು ಎತ್ತಲಿದ್ದೇನೆ.


ಪ್ರಶ್ನೆ ಕೇಳಿದವರ ಉತ್ತರ: ಭೀಮಾತೀರದವಳು

ಎಲ್ಲರ ಉತ್ತರಗಳನ್ನೂ ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಮೊನ್ನೆ ರಾತ್ರಿ 14416ಕ್ಕೆ ಕರೆ ಮಾಡಿ ನಲವತ್ತು ನಿಮಿಷ ಮಾತನಾಡಿದೆ. ಅವರು ವೈದ್ಯರನ್ನು ಕಾಣಲು ಹೇಳಿದ್ದಾರೆ, ಗುರುವಾರ ಹೋಗುತ್ತಿದ್ದೇನೆ. ಸೀನಿಯರ್ ಬಳಿ ಸುತ್ತೋಲೆಯ ಪ್ರತಿ ಇಟ್ಟು ಕೇಳಿದೆ. ಮುಂದಿನ ತಿಂಗಳಿಂದ 8,000 ಕೊಡುತ್ತೇನೆ, ಇಷ್ಟವಿಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಬಹುದು ಎಂದರು. ನಾನು ಕಲಬುರಗಿಗೆ ಹೋಗಲು ತೀರ್ಮಾನಿಸಿದ್ದೇನೆ. ಅಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಆರೋಪಿಗಳ ಪರವಾಗಿ ವಾದಿಸುವ ಸಹಾಯಕ ವಕೀಲರ ಹುದ್ದೆಗೆ ಮೂರು ವರ್ಷದೊಳಗಿನ ಅನುಭವದವರೂ ಅರ್ಜಿ ಹಾಕಬಹುದೆಂದು, ಅದಕ್ಕೆ ತಿಂಗಳ ಗೌರವಧನ ಇದೆಯೆಂದು ಸ್ನೇಹಿತೆಯೊಬ್ಬಳು ಹೇಳಿದಳು. ಬೆಂಗಳೂರಿನ ಈ 20 ತಿಂಗಳ ಅನುಭವಕ್ಕೆ ಸೀನಿಯರ್ ಪ್ರಮಾಣಪತ್ರ ಕೊಡಲು ನಿರಾಕರಿಸಿದರೆ ಏನು ಮಾಡಲಿ ಎಂಬುದೊಂದೇ ಈಗ ಚಿಂತೆ.


ಉತ್ತರ: ಸಿವಿಲ್ ಕಡತ

ಪ್ರಮಾಣಪತ್ರ ಅವರೇ ಕೊಡಬೇಕೆಂದಿಲ್ಲ, ನಿಮ್ಮ ಕೆಲಸವನ್ನು ಕಂಡಿರುವ, 10 ವರ್ಷ ಮೀರಿದ ಬೇರೆ ವಕೀಲರನ್ನೂ ಕೇಳಬಹುದು. ಬಿಡುವ ಮೊದಲು ಒಂದು ವಾರ ಇದಕ್ಕೇ ಮೀಸಲಿಡಿ. ನೀವು ಹಾಜರಾದ ಪ್ರಕರಣಗಳ ಸಂಖ್ಯೆ ಮತ್ತು ದಿನಾಂಕಗಳನ್ನು ಡೈರಿಯಿಂದ ಬರೆದುಕೊಳ್ಳಿ, ನಿಮ್ಮ ಹೆಸರಿರುವ ವಕಾಲತ್ತುಗಳ (ಕಕ್ಷಿದಾರರು ವಕೀಲರನ್ನು ನೇಮಿಸುವ ಪತ್ರಗಳ) ಮತ್ತು ಪ್ರತಿ ದಿನದ ನಡಾವಳಿ ದಾಖಲಾಗುವ ಆರ್ಡರ್ ಶೀಟುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಕಲಬುರಗಿಯಲ್ಲಿ ಮೊದಲ ದಿನದಿಂದಲೇ ಪ್ರತಿ ವಕಾಲತ್ತಿನಲ್ಲೂ ನಿಮ್ಮ ಹೆಸರು ಸೇರಿಸಲು ಹೇಳಿ. ನೀವು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಸೇರಿದವರಾದರೆ, ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ತರಬೇತಿ ಭತ್ಯೆಯ ಅರ್ಜಿಯನ್ನು ಆಯಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ.